ಥಂಡರ್‌ಬೋಲ್ಟ್‌ನ ಮೂಗಿಗೆ ಸೀಸ ಬೇಡ, ಎಂಜಿನ್ ಸಾಕು: ನನ್ನ ಅನುಭವ

60 ಸೈಜಿನ (0.60 ಕ್ಯುಬಿಕ್ ಇಂಚಿನ ಎಂಜಿನ್ನಿಗೆ ಹೊಂದುವ) ರೇಡಿಯೋ ಕಂಟ್ರೋಲ್ ಮಾದರಿ ವಿಮಾನ, ಎರಡನೇ ಮಹಾಯುದ್ಧದ ಪಿ-47 ಥಂಡರ್‌ಬೋಲ್ಟ್‌ಗೆ 120 (1.20 ಕ್ಯುಬಿಕ್ ಇಂಚು) ಫೋರ್ ಸ್ಟ್ರೋಕ್ ಕೂರಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಕಿಟ್ ಡಬ್ಬಿಯ ಮೇಲೆ ಟೂ ಸ್ಟ್ರೋಕ್ ಆದರೆ 60, ಫೋರ್ ಸ್ಟ್ರೋಕ್ ಆದರೆ 90 ಎಂದು ಅಚ್ಚಾಗಿದೆ. "ಅದನ್ನ ಓದಿದ್ದೀಯಾ?" ಅಂತ ಒಬ್ಬರು ಕೇಳಿದರು. "ಫೈರ್‌ವಾಲ್ ಕಿತ್ಕೊಂಡು ಎಂಜಿನ್ ಮುಂದೆ ಹೋಗುತ್ತೆ, ವಿಮಾನ ಇಲ್ಲೇ ಉಳಿಯುತ್ತೆ" ಅಂತ ಇನ್ನೊಬ್ಬರ ಭವಿಷ್ಯ. (ಫೈರ್‌ವಾಲ್ ಅಂದರೆ ಎಂಜಿನ್ ಕೂರುವ ಮೂಗಿನ ಹಲಗೆ.) ಆ ವಿಮಾನ ಈಗಲೂ ಹಾರುತ್ತಿದೆ. ನಕ್ಕವರಲ್ಲೇ ಕೆಲವರು ಈಗ ಪ್ರಾಪ್ (ಪ್ರೊಪೆಲ್ಲರ್) ಸೈಜ್ ಬರೆದುಕೊಂಡು ಹೋಗುತ್ತಾರೆ. ಅವರಿಗೆ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೂಕದ ವಿಷಯ. ಗುಂಡು ಮೂಗಿನ ಫೈಟರ್‌ಗಳಿಗೆಲ್ಲ ಒಂದೇ ಕಾಯಿಲೆ: ಮೂಗು ಗಿಡ್ಡ, ಬಾಲ ಉದ್ದ. ಝೀರೋ ಆಗಲಿ, ಫಾಕ್-ವುಲ್ಫ್ 190 ಆಗಲಿ, ಸಿಜಿ (ತೂಕ ಸಮತೂಗುವ ಬಿಂದು) ಹಿಂದಕ್ಕೇ ಬರುತ್ತದೆ. ನನ್ನದರಲ್ಲಿ 60 ಟೂ ಸ್ಟ್ರೋಕ್ ಮಫ್ಲರ್ ಸೇರಿ 650 ಗ್ರಾಂ ಇತ್ತು. ಅದನ್ನು ಕೂರಿಸಿ ಸಿಜಿ ನೋಡಿದರೆ ಇನ್ನೂ ಅರ್ಧ ಕೆಜಿ ಸೀಸ ಕೇಳಿತು. ಕೌಲ್ (ಎಂಜಿನ್ ಸುತ್ತಲಿನ ಹೊದಿಕೆ) ರಿಂಗಿನ ಒಳಗೆ, ಫೈರ್‌ವಾಲ್ ಕೆಳಗೆ, ಜಾಗ ಸಿಕ್ಕಲ್ಲೆಲ್ಲ ಸೀಸ ಅಂಟಿಸಿದೆ. ಒಟ್ಟು 4.3 ಕೆಜಿ ಆಯಿತು.

120 ಫೋರ್ ಸ್ಟ್ರೋಕ್ 900 ಗ್ರಾಂ ಚಿಲ್ಲರೆ. ಮೌಂಟ್ ಉದ್ದ, ಹಾಗಾಗಿ ಭಾರವೂ ಇನ್ನಷ್ಟು ಮುಂದಕ್ಕೆ ಬೀಳುತ್ತದೆ. ರಿಸೀವರ್ ಬ್ಯಾಟರಿಯನ್ನು ಟ್ಯಾಂಕ್ ಕೆಳಗೆ ತಳ್ಳಿದ ಮೇಲೆ ಬೇಕಾದ ಸೀಸ 50-60 ಗ್ರಾಂ ಅಷ್ಟೇ. ಒಟ್ಟು ತೂಕ ಮೊದಲಿಗಿಂತ ಒಂದಿಷ್ಟು ಕಡಿಮೆಯೇ ಬಂತು. "ದೊಡ್ಡ ಎಂಜಿನ್ ಭಾರ" ಅನ್ನುವವರು ಎಂಜಿನ್ ಒಂದನ್ನೇ ತಕ್ಕಡಿಗೆ ಹಾಕುತ್ತಾರೆ, ಸೀಸವನ್ನು ಮರೆತುಬಿಡುತ್ತಾರೆ. ಸೀಸ ಪ್ರಾಪ್ ತಿರುಗಿಸುವುದಿಲ್ಲ ಅಲ್ವಾ?

ಫೈರ್‌ವಾಲ್ ಬಗ್ಗೆ ಅವರು ಹೇಳಿದ್ದರಲ್ಲಿ ಅರ್ಥ ಇತ್ತು. ನಾಲ್ಕೂ ಮೂಲೆಗೆ ತ್ರಿಕೋನದ ಗಟ್ಟಿ ಮರ, ಪಕ್ಕದಿಂದ ಮರದ ಪಿನ್, ಒಳಗೆ ಎಪಾಕ್ಸಿ ಜೊತೆ ಗ್ಲಾಸ್ ಬಟ್ಟೆ. ಒಂದು ಸಂಜೆಯ ಕೆಲಸ. ಇಂದಿಗೂ ಒಂದು ಬಿರುಕಿಲ್ಲ.

ಇನ್ನು ಆ 60 ಟೂ ಸ್ಟ್ರೋಕ್ ಯಾಕೆ ಸೋತಿತು ಅಂತ ಹೇಳಬೇಕು. ಅದೇನೂ ಕೆಟ್ಟ ಎಂಜಿನ್ ಅಲ್ಲ. ಹೈ ವಿಂಗ್ ವಿಮಾನದಲ್ಲಿ 12x6 ಪ್ರಾಪ್ (12 ಇಂಚು ವ್ಯಾಸ, 6 ಇಂಚು ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ) ಕಟ್ಟಿ ನಿಮಿಷಕ್ಕೆ 11,500 ಸುತ್ತು ತಿರುಗಿಸಿ ಚೆನ್ನಾಗಿ ಹಾರಿಸುತ್ತಿದ್ದೆ. ಥಂಡರ್‌ಬೋಲ್ಟ್‌ಗೆ ಹಾಕಿದಾಗ ಅದೇ ಆರ್‌ಪಿಎಂ, ಅದೇ ಕಿರುಚಾಟ, ಆದರೆ ಎಳೆತವೇ ಇಲ್ಲ. ರನ್‌ವೇ ಮುಗಿಯುವ ಹೊತ್ತಿಗೆ ಕಷ್ಟಪಟ್ಟು ಏಳುತ್ತಿತ್ತು.

ಕಾರಣ ಕೌಲ್. ನನ್ನ ಕೌಲ್ ಹೆಚ್ಚುಕಡಿಮೆ 8 ಇಂಚು. 12 ಇಂಚಿನ ಪ್ರಾಪ್ ಬೀಸುವ ವೃತ್ತ 113 ಚದರ ಇಂಚು, ಅದರ ಹಿಂದೆ ಕೌಲ್ ಅಡ್ಡ ನಿಲ್ಲುವುದು 50. ಅಂದರೆ ನೂರಕ್ಕೆ 44 ಪಾಲು ಗೋಡೆ. 15 ಇಂಚಿನದಾದರೆ 177ರಲ್ಲಿ 50, ಅಂದರೆ 28 ಪಾಲು. ಪ್ರಾಪಿನ ನಡುಭಾಗ ಹೇಗೂ ಕಡಿಮೆ ಎಳೆಯುತ್ತದೆ, ಆದ್ದರಿಂದ ನಷ್ಟ ಪೂರ್ತಿ 44 ಅಲ್ಲ. ಆದರೂ ನಷ್ಟ ನಷ್ಟವೇ. ಬಾಲಕ್ಕೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಕೌಲ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಅಳೆದೆ. 12x6ರಲ್ಲಿ ಮೂರೂವರೆ ಕೆಜಿ ಇದ್ದದ್ದು ಮೂರರ ಹತ್ತಿರಕ್ಕೆ ಇಳಿಯಿತು. ದೊಡ್ಡ ಪ್ರಾಪಿನಲ್ಲಿ ಮುಳ್ಳು ಅಷ್ಟು ಕದಲಲಿಲ್ಲ.

ನಿಮ್ಮ ಟ್ಯಾಕೋ (ಆರ್‌ಪಿಎಂ ಅಳೆಯುವ ಮೀಟರ್) ಮೇಲೆ ನಂಬಿಕೆ ಇಲ್ಲದಿದ್ದರೆ ಹಳೇ ಟ್ಯೂಬ್‌ಲೈಟಿಗೆ ಹಿಡಿದು ನೋಡಿ. 50 ಹರ್ಟ್ಸ್ ಕರೆಂಟಿದ್ದರೆ ಎರಡು ಬ್ಲೇಡಿನ ಸೆಟ್ಟಿಂಗಿನಲ್ಲಿ 3000 ತೋರಿಸಬೇಕು. ನನ್ನದು 3000 ಬಿಟ್ಟು ಅಲುಗಾಡಲಿಲ್ಲ, ಹಾಗಾಗಿ ಮುಂದಿನ ಅಂಕಿಗಳನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಪ್ರಾಪ್ ಆರಿಸುವಾಗ ನಾನು ನೋಡುವುದು ಎರಡೇ ಲೆಕ್ಕ. ಎಂಜಿನ್ನಿಗೆ ಬೀಳುವ ಹೊರೆಗೆ ವ್ಯಾಸವನ್ನು ನಾಲ್ಕು ಸಲ ಇಟ್ಟು (14 ಇಂಚಾದರೆ 14x14x14x14) ಗುಣಿಸಿ, ಪಿಚ್‌ನಿಂದ ಇನ್ನೊಮ್ಮೆ ಗುಣಿಸುತ್ತೇನೆ. 14x10ಕ್ಕೆ 3.84 ಲಕ್ಷ, 16x6ಕ್ಕೆ 3.93 ಲಕ್ಷ, 15x8ಕ್ಕೆ 4.05 ಲಕ್ಷ. ಮೂರೂ ಹತ್ತಿರ ಹತ್ತಿರ. ಅಂದರೆ ಎಂಜಿನ್ನಿಗೆ ಮೂರೂ ಒಂದೇ, 9,000ದ ಆಸುಪಾಸಿನಲ್ಲೇ ತಿರುಗುತ್ತವೆ. ವಿಮಾನಕ್ಕೆ ಮಾತ್ರ ಒಂದೇ ಅಲ್ಲ. ಎರಡನೇ ಲೆಕ್ಕ ಪಿಚ್ ಸ್ಪೀಡ್. ಆರ್‌ಪಿಎಂ ಅನ್ನು ಪಿಚ್‌ನಿಂದ, ಮತ್ತೆ 0.0015ರಿಂದ ಗುಣಿಸಿದರೆ ಗಂಟೆಗೆ ಕಿಲೋಮೀಟರ್. 16x6ಕ್ಕೆ 81, 15x8ಕ್ಕೆ 108, 14x10ಕ್ಕೆ 135. ನನ್ನ ವಿಮಾನ ಸ್ಟಾಲ್ ಆಗುವುದು (ವೇಗ ಸಾಲದೆ ಬೀಳುವುದು) 40ರ ಹತ್ತಿರ. ಅದರ ಎರಡೂವರೆಯಿಂದ ಮೂರು ಪಟ್ಟು ಪಿಚ್ ಸ್ಪೀಡ್ ಇದ್ದರೆ ವಾರ್‌ಬರ್ಡ್ (ಹಳೇ ಯುದ್ಧವಿಮಾನ) ವಾರ್‌ಬರ್ಡ್ ಥರ ಹಾರುತ್ತದೆ.

ಲೆಕ್ಕ ಸರಿ, ಆದರೂ ಮೂರನ್ನೂ ಕಟ್ಟಿ ನೋಡಿದೆ. 16x6 ತಕ್ಕಡಿಯಲ್ಲಿ ಗೆದ್ದಿತು, ಐದೂವರೆ ಕೆಜಿ ಎಳೆಯಿತು. ಟೇಕಾಫ್ ಅಂತೂ ಬಲು ಚೆಂದ. ಮೇಲೆ ಹೋದ ಮೇಲೆ ಎಲ್ಲಾ ಸಪ್ಪೆ. ಮೂಗು ಇಳಿಸಿದರೂ ವೇಗ ಹಿಡಿಯದು, ಪ್ರಾಪೇ ಬ್ರೇಕ್ ಹಾಕಿದಂತೆ. ತಕ್ಕಡಿಯ ಅಂಕಿ ನೋಡಿ ಪ್ರಾಪ್ ಕೊಳ್ಳುವವರು ಇದನ್ನು ನೆನಪಿಡಬೇಕು: ನಿಂತ ವಿಮಾನದ ಎಳೆತ ಬೇರೆ, ಓಡುವ ವಿಮಾನದ್ದು ಬೇರೆ. 14x10 ಇದರ ತದ್ವಿರುದ್ಧ. ಹಾರುವಾಗ ಭರ್ಜರಿ ಓಟ, ನೆಲದಲ್ಲಿ ಸೋಮಾರಿ. ಲ್ಯಾಂಡಿಂಗಿಗೆ ಬಂದಾಗ ಐಡಲಿನಲ್ಲೂ ಎಳೆಯುತ್ತಲೇ ಇತ್ತು, ತೇಲಿಕೊಂಡೇ ರನ್‌ವೇ ದಾಟಿತು. 15x8 ತಕ್ಕಡಿಯಲ್ಲಿ ಐದು ಕೆಜಿ, 8,900 ಆರ್‌ಪಿಎಂ. ಏಳುವುದೂ ಚೆನ್ನ, ಲೂಪೂ ದೊಡ್ಡದು, ಮೂಗು ಎತ್ತಿದರೆ ಅಳುವುದಿಲ್ಲ. ಅದೇ ಉಳಿಯಿತು.

15ಕ್ಕೆ ನಿಲ್ಲಲು ಇನ್ನೊಂದು ಕಾರಣ ನೆಲ. 16 ಇಂಚಿನದು ಹುಲ್ಲಿನಲ್ಲಿ ತುದಿ ತಾಗಿಸುತ್ತಿತ್ತು. ದೊಡ್ಡ ಪ್ರಾಪಿಗೆ ಸಾಕಾಗುವಷ್ಟು ಉದ್ದದ ಗೇರ್ (ಚಕ್ರದ ಕಾಲು) ಎಲ್ಲಿಂದ ತರುವುದು ಅನ್ನುವ ತಲೆನೋವು ಅಸಲಿ ವಿಮಾನ ಮಾಡಿದವರಿಗೂ ಇತ್ತು. ಥಂಡರ್‌ಬೋಲ್ಟ್‌ನ ಕಾಲುಗಳು ಮಡಚುವಾಗ ಸುಮಾರು 9 ಇಂಚು ಗಿಡ್ಡವಾಗುತ್ತಿದ್ದವು, ಇಲ್ಲದಿದ್ದರೆ ರೆಕ್ಕೆಯೊಳಗೆ ಹಿಡಿಸುತ್ತಿರಲಿಲ್ಲ. ಅದೇ ಕಾಲದ ಕೊರ್ಸೇರ್ ಫೈಟರ್‌ನವರು ಅದಕ್ಕಾಗಿ ರೆಕ್ಕೆಯನ್ನೇ ಬಗ್ಗಿಸಿದರು. ಎರಡರಲ್ಲೂ ಇದ್ದದ್ದು 18 ಸಿಲಿಂಡರಿನ ಆರ್-2800 ಎಂಜಿನ್ನೇ.

ನಾಲ್ಕು ಬ್ಲೇಡಿನ ಆಸೆ ಯಾರಿಗಿಲ್ಲ? ನನಗೂ ಇತ್ತು. ಅದರ ಬೆಲೆಯಲ್ಲಿ ಎರಡು ಬ್ಲೇಡಿನವು ನಾಲ್ಕು ಬರುತ್ತವೆ. ನಿಂತಾಗ ನೋಡಲು ಕಣ್ಣಿಗೆ ಹಬ್ಬ. ಹಾರಿಸಿದರೆ ಎಂಜಿನ್ ಏದುಸಿರು ಬಿಡುತ್ತದೆ, ಆರ್‌ಪಿಎಂ ಸಾವಿರಕ್ಕಿಂತ ಜಾಸ್ತಿ ಬಿತ್ತು. ಈಗ ಅದು ಫೋಟೋಗೆ ಮಾತ್ರ. ಮೂರು ಬ್ಲೇಡಿನ 14x7 ಪರವಾಗಿಲ್ಲ, ಸದ್ದೂ ಕಡಿಮೆ, ನೆಲದಿಂದ ಜಾಗವೂ ಸಿಗುತ್ತದೆ. ಆದರೆ ಸುಮ್ನೆ ಮೂಗು ನೆಲಕ್ಕೆ ಕುಟ್ಟಿದರೂ ಒಂದು ಬ್ಲೇಡ್ ಹೋಗೇ ಹೋಗುತ್ತದೆ. ಎರಡು ಬ್ಲೇಡನ್ನು ಅಡ್ಡಕ್ಕೆ ನಿಲ್ಲಿಸಿ ಬಚಾವ್ ಮಾಡಬಹುದು, ಮೂರರಲ್ಲಿ ಆ ಅವಕಾಶ ಇಲ್ಲ.

ನಡುವೆ ಒಂದು ಹುಚ್ಚು ಪ್ರಯೋಗ. 1944ರ ಹೊತ್ತಿಗೆ ಅಸಲಿ ಥಂಡರ್‌ಬೋಲ್ಟ್‌ಗಳಿಗೆ ಅಗಲ ಬ್ಲೇಡಿನ ಪ್ರಾಪ್ ಬಂತು, ಮೇಲೇರುವ ವೇಗ ಎದ್ದು ಕಾಣುವಷ್ಟು ಹೆಚ್ಚಿತು. ನಾನೂ 16x8 ಮರದ ಪ್ರಾಪಿನ ಎರಡೂ ತುದಿಯಲ್ಲಿ ಅರ್ಧರ್ಧ ಇಂಚು ಕತ್ತರಿಸಿ 15 ಮಾಡಿದೆ. ತುದಿ ಅಗಲವಾಗಿ ಉಳಿಯಿತು. ಆರ್‌ಪಿಎಂ 200ರಷ್ಟು ಇಳಿಯಿತು, ಆದರೆ ಏರುವಾಗ ಹಿಡಿತ ಜಾಸ್ತಿ ಅನ್ನಿಸಿತು. ಬರೀ ಭ್ರಮೆ ಅನ್ನುವವರು ಅನ್ನಲಿ, ಸದ್ದು ಕಡಿಮೆಯಾದದ್ದಂತೂ ನಿಜ. ಮಾಡುವುದಾದರೆ ಮರದ್ದರಲ್ಲಿ ಮಾತ್ರ ಮಾಡಿ. ಬ್ಲೇಡ್ ಬ್ಯಾಲೆನ್ಸ್ ಆದ ಮೇಲೆ ಹಬ್ಬಿನದ್ದೂ ನೋಡಿ, ಕತ್ತರಿಸಿದ ತುದಿಗೆ ವಾರ್ನಿಷ್ ಹಚ್ಚಿ. ಮೊದಲ ಸಲ ಫುಲ್ ಥ್ರಾಟಲ್ ಕೊಡುವಾಗ ಪ್ರಾಪಿನ ಪಕ್ಕ ಯಾರನ್ನೂ ನಿಲ್ಲಿಸಬೇಡಿ.

ಇನ್ನು ಬಿಸಿ. ಕೌಲಿನ ಬಾಯಿ ಅಷ್ಟು ದೊಡ್ಡದು, ಗಾಳಿಗೇನು ಬರ ಅಂದುಕೊಳ್ಳುತ್ತೇವೆ. ಗಾಳಿ ಒಳಗೆ ಬರುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ಅಲ್ಲೇ ಸುತ್ತುತ್ತದೆ. 60 ಇದ್ದಾಗ ಕೆಳಗೆ ಮಸ್ತಾಗಿ ಓಡಿ, ಮೇಲೆ ನಾಲ್ಕು ಸುತ್ತು ಆಗುತ್ತಲೇ ಲೀನ್ ಆಗಿ (ಗಾಳಿಗೆ ತಕ್ಕ ಫ್ಯೂಯೆಲ್ ಸಾಲದೆ) ನಿಲ್ಲುತ್ತಿತ್ತು. ಅದೂ ಗಾಳಿ ಬೆನ್ನಿಗಿದ್ದಾಗಲೇ. ಗದ್ದಲದಲ್ಲಿ ರೆಕ್ಕೆಯ ತುದಿ, ಒಂದು ರಿಟ್ರ್ಯಾಕ್ಟ್ (ಮಡಚುವ ಚಕ್ರದ ಕಾಲು), ಹಲವು ಪ್ರಾಪ್ ಹೋದವು. 120ರಲ್ಲಿ ಕೌಲಿನ ಬಾಯಲ್ಲಿ ತೋರಿಕೆಗಿರುವ ಡಮ್ಮಿ ಎಂಜಿನ್ ತಟ್ಟೆಯನ್ನು ಪೂರ್ತಿ ಮುಚ್ಚಿ, ಸಿಲಿಂಡರ್ ಹೆಡ್ ಎದುರು ಮಾತ್ರ ಕಿಂಡಿ ಕೊರೆದೆ. ಹೊರಹೋಗುವ ಕಿಂಡಿ ಅದರ ಎರಡೂವರೆ ಪಟ್ಟು. ರಾಕರ್ ಕವರಿಗೂ (ಸಿಲಿಂಡರ್ ಹೆಡ್ಡಿನ ಮುಚ್ಚಳ) ಕೌಲಿಗೂ ನಡುವೆ ಕಿರುಬೆರಳೂ ತೂರುವುದಿಲ್ಲ, ಆದರೂ ಬಿಸಿಯ ದೂರಿಲ್ಲ. ಒಳಗೆ ಗಾಳಿಯನ್ನು ಫಿನ್ನುಗಳ ಸುತ್ತ ತಿರುಗಿಸಲು ಒಂದು ಅಲ್ಯೂಮಿನಿಯಂ ತಗಡು ಇದೆ. ಅದರ ಆಕಾರ ಮಾತ್ರ ಕೇಳಬೇಡಿ, ಅದಕ್ಕೆ ನಾನು ಸುಟ್ಟುಕೊಂಡ ಗ್ಲೋ ಪ್ಲಗ್‌ಗಳ (ಫ್ಯೂಯೆಲ್ ಹೊತ್ತಿಸುವ ಪ್ಲಗ್) ಬೆಲೆ ಇದೆ.

ತಲೆಕೆಳಗಾಗಿ ಕೂರುವ ಎಂಜಿನ್ನಿನ ಹೆಡ್ಡಿಗೆ ಫ್ಯೂಯೆಲ್ ಇಳಿದು ನಿಲ್ಲುತ್ತದೆ. ಸ್ಟಾರ್ಟರ್ ಹಿಡಿಯುವ ಮೊದಲು ಪ್ಲಗ್ಗಿಗೆ ಕರೆಂಟ್ ಕೊಡದೆ ಕೈಯಲ್ಲಿ ಎರಡು ಸುತ್ತು ತಿರುಗಿಸಲೇಬೇಕು. ಗಟ್ಟಿಯಾಗಿ ಅಡ್ಡ ಬಂದರೆ ಪ್ಲಗ್ ಬಿಚ್ಚಿ. ಹಾಗೇ ಸ್ಟಾರ್ಟರ್ ಒತ್ತಿ ಕನೆಕ್ಟಿಂಗ್ ರಾಡ್ ಬಗ್ಗಿಸಿಕೊಂಡವರು ನಮ್ಮಲ್ಲೇ ಇದ್ದಾರೆ. ಫೋರ್ ಸ್ಟ್ರೋಕ್ ಹಿಂದಕ್ಕೆ ಒದ್ದರೆ ಪ್ರಾಪ್ ನಟ್ ಸಡಿಲವಾಗುತ್ತದೆ, ಹಾಗಾಗಿ ಎರಡು ನಟ್ ಇಲ್ಲದೆ ನಾನು ಸ್ಟಾರ್ಟ್ ಮಾಡುವುದೇ ಇಲ್ಲ. ಫ್ಯೂಯೆಲ್ ನೀಡಲ್ ಪೀಕ್‌ನಿಂದ (ಗರಿಷ್ಠ ಆರ್‌ಪಿಎಂನಿಂದ) 300-400 ಇಳಿಯುವಷ್ಟು ರಿಚ್, ಅಂದರೆ ಫ್ಯೂಯೆಲ್ ತುಸು ಜಾಸ್ತಿ. ಮೂಗು ಮೇಲೆತ್ತಿ ಹಿಡಿದಾಗ ಸದ್ದು ಬದಲಾಗಬಾರದು.

ಟೇಕಾಫಿನಲ್ಲಿ ಎಡಕ್ಕೆ ಎಳೆಯುತ್ತದೆ, 60ಕ್ಕಿಂತ ಜೋರಾಗಿ. ಮೂರು ಡಿಗ್ರಿ ರೈಟ್ ಥ್ರಸ್ಟ್ (ಎಂಜಿನ್ನನ್ನು ಬಲಕ್ಕೆ ತಿರುಗಿಸಿ ಕೂರಿಸುವುದು) ಕೊಟ್ಟಿದ್ದೇನೆ. ಅದಕ್ಕಿಂತ ಮುಖ್ಯ ಥ್ರಾಟಲ್ ಬೆರಳು. ಬಾಲ ಏಳುವ ತನಕ ಅರ್ಧಕ್ಕಿಂತ ಮೇಲೆ ಹೋಗಬೇಡಿ, ರಡ್ಡರ್ ಕೈಯಲ್ಲಿರಲಿ.

ದುಡ್ಡಿನ ಮಾತು. ಹೊಸ 120 ಕೊಂಡರೆ 60ರ ದುಪ್ಪಟ್ಟು. ನಾನು ಹಳೆಯದನ್ನು ಹಿಡಿದೆ. ಬೇರಿಂಗ್ ಕಿರುಗುಟ್ಟುತ್ತಿತ್ತು, ಅದನ್ನೇ ತೋರಿಸಿ ಚೌಕಾಸಿ ಮಾಡಿದೆ. ಎರಡೂ ಬೇರಿಂಗ್, ಗ್ಯಾಸ್ಕೆಟ್ ಬದಲಿಸಿದರೂ ಹೊಸ 60ಕ್ಕಿಂತ ಅಗ್ಗಕ್ಕೆ ಬಿತ್ತು. ಪ್ರಾಪ್‌ಗಳಿಗೆ ಸುರಿದದ್ದು ಎಂಜಿನ್ನಿನ ಮೂರನೇ ಒಂದು ಪಾಲು ಆಗಿರಬೇಕು. ಫ್ಯೂಯೆಲ್ ಮಾತ್ರ ಹೆದರಿದಷ್ಟು ಕುಡಿಯಲಿಲ್ಲ. ಅದೇ 350 ಮಿಲಿ ಟ್ಯಾಂಕಿನಲ್ಲಿ 12 ನಿಮಿಷ ಹಾರುತ್ತೇನೆ, ಯಾಕೆಂದರೆ ಮುಕ್ಕಾಲು ಹೊತ್ತು ಅರ್ಧ ಥ್ರಾಟಲ್ ಸಾಕು.

ಮಸ್ಟಾಂಗ್, ಸ್ಪಿಟ್‌ಫೈರ್‌ನವರು ಇದನ್ನು ಹಾಗೇ ನಕಲು ಮಾಡಬೇಡಿ. ಅವುಗಳ ಮೂಗು ಸಪೂರ, ಕೌಲಿನ ಗೋಡೆ ಅಷ್ಟಿಲ್ಲ, 120ರ ಹೆಡ್ ಹೊರಗೆ ಇಣುಕುತ್ತದೆ. ಮಸ್ಟಾಂಗ್‌ಗೆ ಸೀಸವೂ ಇಷ್ಟು ಬೇಕಾಗುವುದಿಲ್ಲ. ನಾನು ಈಗ ಫಾಕ್-ವುಲ್ಫ್ ಕಟ್ಟುತ್ತಿದ್ದೇನೆ. ಅದಕ್ಕೆ 20 ಸಿಸಿ ಪೆಟ್ರೋಲ್ ಎಂಜಿನ್, ಇಗ್ನಿಷನ್ ಮತ್ತು ಅದರ ಬ್ಯಾಟರಿ ಎರಡೂ ಫೈರ್‌ವಾಲ್ ಮುಂದೆ. ಕೌಲ್ 15x8ಕ್ಕೂ ಅಡ್ಡ ಬರುವಷ್ಟಿದೆ, ಗೇರ್ ಉದ್ದ ಇದೆ, ಹಾಗಾಗಿ 16x8ರಿಂದ ಶುರು ಮಾಡುತ್ತೇನೆ. ಹೊರೆ 5.24 ಲಕ್ಷ ಬರುತ್ತದೆ. 7,800 ತಿರುಗಿದರೆ ಇಟ್ಟುಕೊಳ್ಳುತ್ತೇನೆ, ತಿರುಗದಿದ್ದರೆ ತುದಿ ಕತ್ತರಿಸಲು ಗರಗಸ ಇದ್ದೇ ಇದೆ.