ಪಿಟ್ಸ್‌ಬರ್ಗಾ, ಕೊಲಂಬಸ್ಸಾ? ನಾವು ಆರಿಸಿಕೊಂಡ ಬಗೆ

ನ್ಯೂಜೆರ್ಸಿಯಲ್ಲಿ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿತ್ತು. ನನ್ನದು ಮನೆಯಿಂದಲೇ ಮಾಡುವ ಕೆಲಸ. ಹೆಂಡತಿ ಆಸ್ಪತ್ರೆಯ ಲ್ಯಾಬ್‌ನಲ್ಲಿದ್ದಾಳೆ, ಅವಳಿಗೆ ದೊಡ್ಡ ಆಸ್ಪತ್ರೆ ಇರುವ ಊರಾದರೆ ಸಾಕು. ಮಗಳಿಗೆ 14 ವರ್ಷ. 3 ಲಕ್ಷ ಡಾಲರ್ ಒಳಗೆ ಮನೆ ಸಿಗಬೇಕು, ಊರು ತೀರಾ ಸಣ್ಣದಿರಬಾರದು. ಹೀಗೆ ಸೋಸಿದಾಗ ಕೊನೆಗೆ ಉಳಿದದ್ದು ಎರಡು: ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್, ಓಹಾಯೋದ ಕೊಲಂಬಸ್. ಉಪನಗರಗಳನ್ನೂ ಸೇರಿಸಿದರೆ ಎರಡರಲ್ಲೂ 20 ಲಕ್ಷಕ್ಕಿಂತ ಜಾಸ್ತಿ ಜನ. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಮೂರು ಗಂಟೆ ದಾರಿ, ಅಷ್ಟೇ.

ಮೊದಲು ನಾನು ಬರೀ ಮನೆಯ ಬೆಲೆ ನೋಡಿದೆ. ಅದೇ ತಪ್ಪು.

ಪಿಟ್ಸ್‌ಬರ್ಗ್‌ನಲ್ಲಿ ಮನೆ ಅಗ್ಗ ಅನ್ನುವುದು ನಿಜ. 1950ರಲ್ಲಿ ನಗರದೊಳಗೆ 6.7 ಲಕ್ಷಕ್ಕೂ ಹೆಚ್ಚು ಜನರಿದ್ದರು, 2020ರಲ್ಲಿ 3 ಲಕ್ಷ. ಉಕ್ಕಿನ ಕಾರ್ಖಾನೆಗಳು ಮುಚ್ಚಿದವು, ಜನ ಹೋದರು, ಮನೆಗಳು ಉಳಿದವು. ಕೊಲಂಬಸ್ ಇದಕ್ಕೆ ಉಲ್ಟಾ. 9 ಲಕ್ಷ ದಾಟಿ ಬೆಳೆಯುತ್ತಲೇ ಇದೆ, ಅಷ್ಟೇ ದುಡ್ಡಿಗೆ ಇನ್ನಷ್ಟು ದೂರ ಹೋಗಬೇಕು.

ಆದರೆ ತೆರಿಗೆ ಲೆಕ್ಕಕ್ಕೆ ಕೂತಾಗ ಕಣ್ಣು ತೆರೆಯಿತು. ಪಿಟ್ಸ್‌ಬರ್ಗ್ ನಗರದ ಗಡಿಯೊಳಗೆ ವಾಸವಿದ್ದರೆ ಸಂಬಳದ ಮೇಲೆ ಶೇಕಡಾ 3 ಸ್ಥಳೀಯ ತೆರಿಗೆ. ಇದು ರಾಜ್ಯದ ಶೇಕಡಾ 3.07ರ ಮೇಲೆ ಬೇರೆ. ಗಡಿ ದಾಟಿದರೆ ಹೆಚ್ಚಿನ ಉಪನಗರಗಳಲ್ಲಿ ಅದು ಶೇಕಡಾ 1ರ ಆಸುಪಾಸು. ಮನೆ ಕೊಳ್ಳುವಾಗಿನ ವರ್ಗಾವಣೆ ತೆರಿಗೆ ನಗರದೊಳಗೆ ಒಟ್ಟು ಶೇಕಡಾ 5, ಹೊರಗೆ ಸಾಮಾನ್ಯವಾಗಿ 2. ಅಂದರೆ 3 ಲಕ್ಷದ ಮನೆಗೆ 15,000 ಡಾಲರ್ ಅಥವಾ 6,000. ರೂಢಿಯಲ್ಲಿ ಅರ್ಧ ಮಾರುವವರು ಕೊಡುತ್ತಾರೆ, ಆದರೂ! ರಸ್ತೆಯ ಈ ಕಡೆ, ಆ ಕಡೆ ಅನ್ನುವುದಕ್ಕೆ ಇಷ್ಟು ವ್ಯತ್ಯಾಸ. ಹಳೇ ಮಾಲೀಕರು ಕಟ್ಟುತ್ತಿದ್ದ ಆಸ್ತಿ ತೆರಿಗೆಯನ್ನೂ ನಂಬುವ ಹಾಗಿಲ್ಲ. ಪಿಟ್ಸ್‌ಬರ್ಗ್ ಇರುವ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ತೆರಿಗೆಗೆ ಲೆಕ್ಕ ಹಿಡಿಯುವ ಮನೆಯ ಬೆಲೆ 2012ರದ್ದು. ಮನೆ ಮಾರಾಟವಾದ ಮೇಲೆ ಶಾಲಾ ಜಿಲ್ಲೆಯವರು, ಅಂದರೆ ಆ ತೆರಿಗೆಯ ದುಡ್ಡಲ್ಲಿ ಸುತ್ತಲಿನ ಸರ್ಕಾರಿ ಶಾಲೆಗಳನ್ನು ನಡೆಸುವವರು, ಮೇಲ್ಮನವಿ ಹಾಕಿ ಅದನ್ನು ಏರಿಸಿಕೊಂಡಿರುವುದು ಉಂಟು.

ಇನ್ನೊಂದು ವಿಷಯ ನನಗೆ ಹೊಸದು. ಅಲ್ಲಿ ಎಷ್ಟೋ ಮನೆಗಳ ಕೆಳಗೆ ಹಳೇ ಕಲ್ಲಿದ್ದಲ ಗಣಿಗಳಿವೆ. ನೆಲ ಕುಸಿದರೆ ಮಾಮೂಲಿ ಮನೆ ವಿಮೆ ದುಡ್ಡು ಕೊಡುವುದಿಲ್ಲ. ರಾಜ್ಯ ಸರ್ಕಾರವೇ ಅದಕ್ಕೆ ಬೇರೆ ವಿಮೆ ಮಾರುತ್ತದೆ.

ಕೊಲಂಬಸ್‌ನಲ್ಲಿ ನಗರದ ಆದಾಯ ತೆರಿಗೆ ಶೇಕಡಾ 2.5. ಅಲ್ಲಿನ ಗೊಂದಲ ಶಾಲೆಯದು. ಶಾಲಾ ಜಿಲ್ಲೆಗಳ ನಡುವಿನ 1986ರ ಒಂದು ಒಪ್ಪಂದದಿಂದಾಗಿ ವಿಳಾಸ ಕೊಲಂಬಸ್ ಅಂತಿದ್ದರೂ ಶಾಲೆ ಪಕ್ಕದ ಊರಿನದ್ದಾಗಿರಬಹುದು. ವಿಳಾಸ ಹಾಕಿ ಶಾಲಾ ಜಿಲ್ಲೆ ಯಾವುದು ಅಂತ ನೋಡದೆ ಯಾವ ಮನೆಯನ್ನೂ ಪಟ್ಟಿಗೆ ಸೇರಿಸಲಿಲ್ಲ.

ಎಲ್ಲ ಕೂಡಿ ಕಳೆದರೆ ಎರಡೂ ಹೆಚ್ಚುಕಮ್ಮಿ ಸಮ. ಹಾಗಾಗಿ ಫೆಬ್ರುವರಿಯಲ್ಲಿ ಒಂದೊಂದು ಊರಲ್ಲಿ ಒಂದೊಂದು ವಾರ ಇದ್ದು ಬಂದೆವು. ಚೆಂದದ ತಿಂಗಳಲ್ಲಿ ಯಾವ ಊರಾದರೂ ಚೆಂದವೇ, ಅಲ್ವಾ? ನೋಡುವ ಜಾಗಗಳಿಗೆ ಹೋಗಬಾರದು ಅಂತ ಮಾತಾಗಿತ್ತು. ಸಾಮಾನು ತರುವುದು, ಕೆಲಸ ಮಾಡುವುದು, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಬೆಳಿಗ್ಗೆ ಏಳಕ್ಕೆ ಕಾರು ಓಡಿಸಿ ನೋಡುವುದು, ಇಷ್ಟೇ.

ಕೊಲಂಬಸ್ ಸಪಾಟು ಊರು. ಅಗಲ ರಸ್ತೆ, ಹೊಸ ಮನೆ, ಎರಡು ಕಾರಿನ ಗ್ಯಾರೇಜು. ಹೆಂಡತಿ ಎರಡನೇ ದಿನಕ್ಕೇ ಮನಸ್ಸು ಕೊಟ್ಟಳು. ಆದರೆ ನಾವು ಇಳಿದುಕೊಂಡಿದ್ದ ಕಡೆ ಕಾರಿಲ್ಲದೆ ಒಂದು ಪೆನ್ಸಿಲ್ ತರುವುದಕ್ಕೂ ಆಗುತ್ತಿರಲಿಲ್ಲ. ಊರಿಗೆ ರೈಲೇ ಇಲ್ಲ, ಕೊನೆಯ ಪ್ರಯಾಣಿಕರ ರೈಲು ನಿಂತದ್ದು 1979ರಲ್ಲಿ. ವೇಗದ ಬಸ್ ಮಾರ್ಗಗಳಿಗೆ 2024ರ ನವೆಂಬರ್‌ನಲ್ಲಿ ಜನ ಮತ ಹಾಕಿ ದುಡ್ಡು ಒಪ್ಪಿದ್ದಾರೆ. ಅವು ಪೂರ್ತಿ ಬರುವ ಹೊತ್ತಿಗೆ ಮಗಳು ಕಾಲೇಜಿಗೆ ಹೋಗಿರುತ್ತಾಳೆ.

ಪಿಟ್ಸ್‌ಬರ್ಗ್‌ನಲ್ಲಿ ರಸ್ತೆಯಿಂದ ಬಾಗಿಲಿಗೆ 22 ಮೆಟ್ಟಿಲು, ಮೇಲೆ ಐಸು. ಹೆಂಡತಿ ಒಮ್ಮೆ ಜಾರಿದಳು. ಸಿಗ್ನಲ್ ಹಸಿರಾದ ತಕ್ಷಣ ಎದುರಿನ ಕಾರು ನೇರ ಹೋಗಬೇಕಾದ ನಮಗೆ ಅಡ್ಡವಾಗಿ ಎಡಕ್ಕೆ ತಿರುಗಿಬಿಡುತ್ತದೆ. ಅದಕ್ಕೆ ದಾರಿ ಬಿಡುವುದು ಅಲ್ಲಿನ ಮರ್ಯಾದೆಯಂತೆ! ನಾನು ಹಾರನ್ ಒತ್ತಿ ಬೈಸಿಕೊಂಡೆ. ನಾವಿದ್ದದ್ದು ಡಾರ್ಮಾಂಟ್, ನಗರದ ಗಡಿಯ ಹೊರಗೆ, ‘ಟಿ’ ಅನ್ನುವ ಲೈಟ್ ರೈಲಿನ ದಾರಿಯಲ್ಲಿ. ಮೂರನೇ ದಿನ ಮಗಳು ಒಬ್ಬಳೇ ರೈಲು ಹತ್ತಿ ಡೌನ್‌ಟೌನ್‌ಗೆ ಹೋದಳು. ನದಿಯಡಿಯ ಸುರಂಗದಲ್ಲಿ ಆಚೆ ದಡಕ್ಕೂ ಹೋಗಿಬಂದಳು, ಡೌನ್‌ಟೌನ್‌ನಿಂದ ಅಲ್ಲಿಗೆ ಟಿಕೆಟ್ಟೇ ಇಲ್ಲ. ಸಂಜೆ ಬಂದವಳು ಏನೂ ವಿವರ ಹೇಳಲಿಲ್ಲ. ನಾಳೆಯ ರೈಲಿಗೆ ದುಡ್ಡು ಕೇಳಿದಳು.

ನನಗೆ ಅಷ್ಟು ಸಾಕಾಯಿತು. ಹೆಂಡತಿಗೆ ಸಾಕಾಗಲಿಲ್ಲ. ಗ್ಯಾರೇಜ್ ಇರಲೇಬೇಕು ಅನ್ನುವ ಒಂದು ಷರತ್ತಿನ ಮೇಲೆ ಒಪ್ಪಿದಳು. ಡಾರ್ಮಾಂಟ್‌ನಲ್ಲೇ 1920ರ ದಶಕದ ಇಟ್ಟಿಗೆ ಮನೆ ತೆಗೆದುಕೊಂಡೆವು. ಗ್ಯಾರೇಜು ಮನೆಯ ಅಡಿಯಲ್ಲೇ ಇದೆ, ಆ ಕಾಲದ ಕಾರಿನ ಅಳತೆಗೆ ಕಟ್ಟಿದ್ದು. ಅವಳ ಕಾರು ಎರಡೂ ಕನ್ನಡಿ ಮಡಚಿದರೆ ಮಾತ್ರ ಒಳಗೆ ಹೋಗುತ್ತದೆ. ಮನೆ ನೋಡಲು ಹೋದಾಗ ಟೇಪು ಹಿಡಿದುಕೊಂಡೇ ಹೋಗಿದ್ದೆ. ಸೋಫಾಗೆ ಅಂತ ಹಾಲ್ ಅಳೆದು ಬಂದಿದ್ದೆ.