ಕ್ರಾಸಿಂಗ್ ಹೊಲದಲ್ಲಿ ಕಂಪನಿಯ ನೀತಿಸಂಹಿತೆ

ರಾಣೆಬೆನ್ನೂರು ಭಾಗದಲ್ಲಿ ಬೀಜ ಕಂಪನಿಯೊಂದರ ಪರವಾಗಿ ಹೈಬ್ರಿಡ್ ಹತ್ತಿ ಬೀಜೋತ್ಪಾದನೆಯ ಹೊಲಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಕ್ಕಳನ್ನು ದುಡಿಸಕೂಡದು, ಹೆಣ್ಣಾಳಿಗೂ ಗಂಡಾಳಿಗೂ ಸಮಾನ ಕೂಲಿ ಕೊಡಬೇಕು ಎಂದೆಲ್ಲ ಕಂಪನಿಯ ನೀತಿಸಂಹಿತೆಯಲ್ಲಿದೆ. ಒಪ್ಪಂದದ ಜೊತೆಗೆ ರೈತರು ಅದಕ್ಕೂ ಸಹಿ ಹಾಕುತ್ತಾರೆ. ಸಹಿಗೆ ಯಾರದೂ ತಕರಾರಿಲ್ಲ. ತಕರಾರು ಹುಟ್ಟುವುದು ಹೂ ಬಿಟ್ಟಾಗ.

ಮರುದಿನ ಅರಳುವ ಮೊಗ್ಗಿನ ಕೇಸರಗಳನ್ನು ಹಿಂದಿನ ಸಂಜೆಯೇ ಬಿಡಿಸಿ ತೆಗೆಯಬೇಕು. ಬೆಳಿಗ್ಗೆ ಗಂಡು ಹೂ ತಂದು ಪರಾಗ ಸವರಬೇಕು. ಇದಕ್ಕೇ ಕ್ರಾಸಿಂಗ್ ಎನ್ನುವುದು. ಹೀಗೆ ಆಳು ಬೇಕಾಗುವುದು ಶಾಲೆಯ ಗಂಟೆ ಹೊಡೆಯುವ ಹೊತ್ತಿಗೇ, ಅದೂ ವಾರಗಟ್ಟಲೆ ದಿನಾಲೂ. ಮಧ್ಯಾಹ್ನ ಜೀಪಿನಲ್ಲಿ ಬಂದು ಹೋಗುವ ತಪಾಸಣೆಗೆ ಏನು ಕಂಡೀತು? ನಾನು ಬೆಳಿಗ್ಗೆಯೇ, ಯಾರಿಗೂ ತಿಳಿಸದೆ ಹೋಗತೊಡಗಿದೆ. ದಾರಿಯಲ್ಲಿ ಶಾಲೆಗೆ ಹೊಕ್ಕು, ಯಾವ ಮಕ್ಕಳು ಗೈರಾಗಿದ್ದಾರೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳುತ್ತಿದ್ದೆ. ಹೊಲಕ್ಕಿಂತ ಹಾಜರಿ ಪುಸ್ತಕವೇ ಹೆಚ್ಚು ನಿಜ ಹೇಳುತ್ತದೆ.

'ಸ್ವಂತ ಮಗಳು ಸರ್, ಶಾಲೆಗೆ ರಜೆ ಇದೆ' ಎನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14 ತುಂಬದ ಮಕ್ಕಳ ದುಡಿಮೆಯನ್ನು ನಿಷೇಧಿಸಿದರೂ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರ ಅಪಾಯವಿಲ್ಲದ ಕೆಲಸಕ್ಕೆ ನೆರವಾಗಲು ಬಿಡುತ್ತದೆ. ಆದರೆ ಔಷಧ ಹೊಡೆದ ಹತ್ತಿ ಹೊಲಕ್ಕೆ ಅಪಾಯವಿಲ್ಲ ಎಂದು ನಾನಂತೂ ಒಪ್ಪಲಾರೆ.

ಕಗ್ಗಂಟು ಇದ್ದದ್ದು ದುಡ್ಡಿನಲ್ಲಿ. ಶುದ್ಧತೆಯ ಪರೀಕ್ಷೆಯಲ್ಲಿ ಬೀಜ ಪಾಸಾಗುವ ತನಕ ರೈತನಿಗೆ ಪೂರ್ತಿ ಹಣ ಬರದು. ಕೂಲಿಯನ್ನೋ ವಾರದ ಸಂತೆಗೆ ಮೊದಲೇ ಎಣಿಸಬೇಕು. ಅಗ್ಗದ ಆಳು ಹುಡುಕದೆ ಅವನು ಏನು ಮಾಡಬೇಕು? ಕಂಪನಿಯ ಹೊಣೆ ಅದರ ಗೇಟಿನೊಳಗೆ ಮುಗಿಯುವುದಿಲ್ಲ, ವ್ಯವಹಾರದ ಸಂಬಂಧಗಳಿಗೂ ಚಾಚುತ್ತದೆ ಎನ್ನುತ್ತವೆ ವ್ಯವಹಾರ ಮತ್ತು ಮಾನವ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2011ರಲ್ಲಿ ಒಪ್ಪಿದ ಮಾರ್ಗದರ್ಶಿ ತತ್ವಗಳು. ಅದನ್ನೇ ಹಿಡಿದುಕೊಂಡು, ದೊಡ್ಡವರಿಗೆ ಪೂರ್ತಿ ಕೂಲಿ ಕೊಟ್ಟರೆ ಕಿಲೋ ಬೀಜಕ್ಕೆ ಬೀಳುವ ಖರ್ಚಿನ ಲೆಕ್ಕವನ್ನು ಕಚೇರಿಯಲ್ಲಿ ಮುಂದಿಟ್ಟೆ. ಎಳೆದಾಟದ ನಂತರ ದರ ತುಸು ಏರಿತು. ಕ್ರಾಸಿಂಗ್ ಸಮಯಕ್ಕೇ ಮುಂಗಡದ ಕಂತೂ ಬರತೊಡಗಿತು. ನಾವು ಹಂಚಿದ ಕರಪತ್ರಗಳಿಂದ ಆಗದ ಕೆಲಸ ಆ ಕಂತಿನಿಂದ ಆಯಿತು. ಬೆಳಗಿನ ಹೊಲಗಳಲ್ಲಿ ಮಕ್ಕಳು ಕಡಿಮೆಯಾದರು.

ಸಮಾನ ಕೂಲಿಯ ಸಾಲು ಮಾತ್ರ ಇನ್ನೂ ಕಾಗದದಲ್ಲೇ ಇದೆ. ಕ್ರಾಸಿಂಗ್ ಹೆಣ್ಣಾಳಿನದು, ಔಷಧ ಹೊಡೆಯುವುದು ಗಂಡಾಳಿನದು ಎಂದು ಮೊದಲೇ ಕೆಲಸ ಪಾಲು ಮಾಡಿಟ್ಟಿರುವುದರಿಂದ, ಒಂದೇ ಕೆಲಸಕ್ಕೆ ಎರಡು ಕೂಲಿ ಎಂದು ತೋರಿಸಲು ಬರುವುದಿಲ್ಲ. ಈ ಹಂಗಾಮಿನಲ್ಲಿ ಎರಡರ ಕೂಲಿಯನ್ನೂ ತಾಸಿನ ಲೆಕ್ಕಕ್ಕೆ ಇಳಿಸಿ ಬರೆದುಕೊಳ್ಳುತ್ತಿದ್ದೇನೆ.