108ಕ್ಕೆ ಫೋನ್ ಮಾಡಿದ ಮೇಲೆ: ಘಟ್ಟದ ಮೇಲೂ ಕೆಳಗೂ ನಾವು ಮಾಡಿಕೊಂಡ ದಾರಿ

ಉತ್ತರ ಕನ್ನಡದಲ್ಲಿ ಆಂಬುಲೆನ್ಸಿನ ಹೊತ್ತು ಜಾಸ್ತಿ ಹಾಳಾಗುವುದು ಕೊನೆಯ ಅರ್ಧ ಕಿಲೋಮೀಟರಿನಲ್ಲಿ. ಡಾಂಬರು ಬಿಟ್ಟು ಮಣ್ಣು ರಸ್ತೆಗೆ ಇಳಿದ ಮೇಲೆ ಯಾವ ಕಡೆ ತಿರುಗಬೇಕು, ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ಮನೆ ಯಾವುದು ಅಂತ ಗೊತ್ತಾಗದೆ ನಿಲ್ಲುವ ಹೊತ್ತು ಅದು. ನಾನು 108ರಲ್ಲಿ ಇಎಂಟಿ. ಅಂದರೆ ಗಾಡಿಯಲ್ಲಿ ರೋಗಿಯ ಪಕ್ಕ ಕೂತು ನೋಡಿಕೊಳ್ಳುವ ಸಿಬ್ಬಂದಿ. ಮೊದಲು ಶಿರಸಿ ಕಡೆ ಇದ್ದೆ, ಆಮೇಲೆ ಕುಮಟಾ, ಅಂಕೋಲಾ ಕಡೆ ಬಂದೆ. ಆ ಹೊತ್ತನ್ನು ಉಳಿಸಲು ನಾನೂ ನಮ್ಮ ಪೈಲಟ್ಟೂ ಏನೇನು ಮಾಡಿದೆವು ಅಂತ ಬರೆಯುತ್ತೇನೆ. ಪೈಲಟ್ ಅಂದರೆ ಡ್ರೈವರ್, ನಮ್ಮಲ್ಲಿ ಹಾಗೇ ಕರೆಯುವುದು.

ರಾಜ್ಯದಲ್ಲಿ ಆರೋಗ್ಯ ಕವಚ 108 ಶುರುವಾದದ್ದು 2008ರ ನವೆಂಬರ್ 1ಕ್ಕೆ. ಈಗ ಆ ನಂಬರ್ ಗೊತ್ತಿಲ್ಲದ ಮನೆ ಇಲ್ಲ. ಆದರೆ ಫೋನ್ ಎತ್ತುವವರು ನಮ್ಮ ಊರಿನವರಲ್ಲ, ದೂರದ ಕಾಲ್ ಸೆಂಟರಿನಲ್ಲಿ ಕೂತವರು. ಗಾಬರಿಯಲ್ಲಿ "ಹೆಗಡೆಯವರ ಮನೆ, ಬೇಗ ಬನ್ನಿ" ಅಂದರೆ ಅವರು ಏನು ಬರೆದುಕೊಳ್ಳಬೇಕು? ಶಿರಸಿ, ಸಿದ್ದಾಪುರದ ಎಷ್ಟೋ ಊರಲ್ಲಿ ಎಲ್ಲಾ ಮನೆಯೂ ಹೆಗಡೆಯವರದ್ದೋ ಭಟ್ಟರದ್ದೋ. ಅದೂ ಒಂದು ಮನೆ ಗುಡ್ಡದ ಆ ತಲೆಗೆ, ಇನ್ನೊಂದು ತೋಟದ ಈ ತಲೆಗೆ. ಶಿರೂರು ಅಂದರೆ ಅಂಕೋಲಾದಲ್ಲೂ ಇದೆ, ಗಡಿ ದಾಟಿದರೆ ಬೈಂದೂರಿನಲ್ಲೂ ಇದೆ.

ಅದಕ್ಕೇ ಒಂದು ಪಟ್ಟಿ ಮಾಡಲು ಶುರುಮಾಡಿದೆ. ಕೇಸಿಗೆ ಹೋಗಿ ಬರುವಾಗ ಪ್ರತಿ ಕ್ರಾಸಿನ ಗುರುತು ಬರೆದುಕೊಳ್ಳುವುದು. ಹಾಲಿನ ಡೇರಿ, ಶಾಲೆ, ಬಸ್ ತಂಗುದಾಣ, ಊರವರು ಆ ಜಾಗಕ್ಕೆ ಬಾಯಲ್ಲಿ ಏನಂತಾರೋ ಆ ಹೆಸರು. ಗಾಡಿ ಎಲ್ಲಿ ತಿರುಗಿಸಬಹುದು, ಯಾವ ಮೋರಿ ನಮ್ಮ ಭಾರ ತಡೆಯುತ್ತದೆ, ಯಾವ ತಿರುವು ದಾಟಿದರೆ ಫೋನ್ ಸಿಗ್ನಲ್ ಹೋಗುತ್ತದೆ. ಇದರ ಜೊತೆ ಊರಿನ ಆಶಾ ಕಾರ್ಯಕರ್ತೆಯ ನಂಬರ್, ಜೀಪು ಇರುವವರ ನಂಬರ್. ನಮ್ಮ ಜಿಲ್ಲೆಯಲ್ಲಿ ಮ್ಯಾಪ್ ತೋರಿಸುವ ದಾರಿ ಎಷ್ಟೋ ಸಲ ಅಡಿಕೆ ತೋಟದ ಬೇಲಿಗೆ ಹೋಗಿ ಮುಗಿಯುತ್ತದೆ. ಹಾಗಾಗಿ ಈ ಪಟ್ಟಿಯಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ. ಶಿಫ್ಟ್ ಬದಲಾಗುವಾಗ ಅದನ್ನು ಗಾಡಿಯಲ್ಲೇ ಇಟ್ಟು ಹೋಗುತ್ತೇವೆ.

ಊರವರ ಜೊತೆ ಮಾತಾಡುವುದು ಎರಡನೇ ಕೆಲಸ. ಬೆಳಗ್ಗೆ ಹಾಲು ಹಾಕಲು ಡೇರಿಗೆ ಬರುತ್ತಾರಲ್ವಾ, ಅಲ್ಲಿ ಹತ್ತು ನಿಮಿಷ ಸಿಕ್ಕರೆ ಸಾಕು. ಸ್ವಸಹಾಯ ಸಂಘದ ಸಭೆಯೂ ಒಳ್ಳೆಯ ಜಾಗ. ಹೇಳುವುದು ಇಷ್ಟೇ: ಮೊದಲು ತಾಲ್ಲೂಕು ಹೇಳಿ, ಆಮೇಲೆ ಊರು, ಆಮೇಲೆ ಗುರುತು. ಫೋನ್ ಮಾಡಿದವರು ಸಿಗ್ನಲ್ ಇರುವ ಜಾಗ ಬಿಟ್ಟು ಕದಲಬೇಡಿ. ಇನ್ನೊಬ್ಬರು ಟಾರ್ಚ್ ಹಿಡಿದು ಕ್ರಾಸಿಗೆ ಬನ್ನಿ. ನಾಯಿ ಕಟ್ಟಿಹಾಕಿ. ಆಧಾರ್, ಬಸುರಿಯಾದರೆ ತಾಯಿ ಕಾರ್ಡ್, ತೆಗೆದುಕೊಳ್ಳುತ್ತಿರುವ ಮಾತ್ರೆ ಒಂದು ಚೀಲಕ್ಕೆ ಹಾಕಿಡಿ. ಕ್ರಾಸಿನಲ್ಲಿ ಟಾರ್ಚ್ ಹಿಡಿದು ಒಬ್ಬರು ನಿಂತಿದ್ದರೆ ನಮ್ಮ ಅರ್ಧ ಕೆಲಸ ಆದ ಹಾಗೇ.

ಜೊಯಿಡಾ, ಯಲ್ಲಾಪುರದ ಕಾಡಿನ ಊರುಗಳ ಕತೆ ಬೇರೆ. ಕುಣಬಿ, ಸಿದ್ದಿ, ಗೌಳಿ ಜನ ಇರುವ ಎಷ್ಟೋ ಕೇರಿಗಳಿಗೆ ಮಳೆಗಾಲದಲ್ಲಿ ನಮ್ಮ ಗಾಡಿ ಇಳಿಯುವುದೇ ಇಲ್ಲ. ರೋಗಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತರುತ್ತಾರೆ. ಅಲ್ಲಿ ಕೆಲಸ ಮಾಡುವವರಿಗೂ ನಾನು ಹೇಳುವುದು ಇದನ್ನೇ: ರೋಗಿಯ ಕಡೆಯವರು ಮನೆಯಲ್ಲಿ ಕಾಯುತ್ತಾ ಕೂರುವ ಬದಲು ಜೀಪಿನಲ್ಲಿ ಹೊರಟು ನಮಗೆ ಎದುರಾಗಲಿ. ಎದುರಾಗುವ ಜಾಗ ಮೊದಲೇ ಮಾತಾಗಿರಬೇಕು. ಸುಮ್ನೆ ಹೊರಟರೆ ಅವರೊಂದು ದಾರಿ, ನಾವೊಂದು ದಾರಿ ಆಗುತ್ತದೆ.

ಆದರೆ ಯಾರನ್ನು ಅಲುಗಾಡಿಸಬಾರದು ಅನ್ನುವುದೂ ಅಷ್ಟೇ ಮುಖ್ಯ. ನಮ್ಮ ಕಡೆ ಇದಕ್ಕೆ ದೊಡ್ಡ ಉದಾಹರಣೆ ಅಡಿಕೆ ಮರದಿಂದ ಬಿದ್ದವರು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವಾಗ ಮರ ಜಾರುತ್ತದೆ. ಆಮೇಲೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು. ಅದನ್ನು ಕೊಯ್ಯುವ ಕೊನೆಗೌಡರು ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾ ದಿನವಿಡೀ ಮೇಲೇ ಇರುತ್ತಾರೆ. ಬಿದ್ದರೆ ಬೆನ್ನುಹುರಿಗೆ ಪೆಟ್ಟು. ಪ್ರೀತಿಯಿಂದಲೇ ಎತ್ತಿ ಕೂರಿಸುತ್ತಾರೆ, ನೀರು ಕುಡಿಸುತ್ತಾರೆ, ಕಾರಿನ ಹಿಂದಿನ ಸೀಟಿಗೆ ಮಡಚಿ ಮಲಗಿಸುತ್ತಾರೆ. ಮುರಿದ ಮೂಳೆ ಆಗ ಹುರಿಗೆ ಒತ್ತಿಕೊಂಡರೆ ಕಾಲು ಶಾಶ್ವತವಾಗಿ ಹೋಗಬಹುದು.

ಶಿರಸಿ ಹತ್ತಿರದ ಒಂದು ತೋಟದಲ್ಲಿ ಹೀಗೆ ಬಿದ್ದವರನ್ನು ತಂದದ್ದು ಹೇಳುತ್ತೇನೆ. ಊರಲ್ಲಿ ಮೊದಲೇ ಮಾತಾಡಿದ್ದರಿಂದ ಯಾರೂ ಅವರನ್ನು ಮುಟ್ಟಿರಲಿಲ್ಲ. ಒಬ್ಬ ಹುಡುಗ ಮಂಡಿಯೂರಿ, ತಲೆ ಆ ಕಡೆ ಈ ಕಡೆ ಆಗದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಅವನ ಕೈ ನಡುಗುತ್ತಿತ್ತು, ಆದರೂ ಬಿಟ್ಟಿರಲಿಲ್ಲ. ನಾನು ಮೊದಲು ಕೇಳಿದ್ದು ಕಾಲ್ಬೆರಳು ಅಲ್ಲಾಡಿಸಿ ಅಂತ. ಎಡಗಾಲಿನ ಬೆರಳು ಚೂರು ಆಡಿತು. ಅದನ್ನು ಟೈಮ್ ಸಮೇತ ಬರೆದುಕೊಂಡೆ. ಆಸ್ಪತ್ರೆ ಮುಟ್ಟುವಾಗ ಹೇಗಿದೆ ಅಂತ ಹೋಲಿಸಲು ಅದು ಬೇಕು. ಕುತ್ತಿಗೆಗೆ ಕಾಲರ್ ಹಾಕಿದೆವು. ಆಮೇಲೆ ದಿಮ್ಮಿ ಹೊರಳಿಸಿದ ಹಾಗೆ ಇಡೀ ಮೈಯನ್ನು ಒಟ್ಟಿಗೇ ಹೊರಳಿಸಿ, ರೋಗಿಯನ್ನು ಮಲಗಿಸಿ ಒಯ್ಯುವ ಗಟ್ಟಿ ಬೋರ್ಡಿನ ಮೇಲೆ ತರಬೇಕು. ಇಲ್ಲಿ ತಲೆ ಹಿಡಿದವರ ಮಾತೇ ನಡೆಯಬೇಕು. ಅವರು ಮೂರು ಎಣಿಸಿದ ಮೇಲೇ ಉಳಿದವರ ಕೈ ಆಡಬೇಕು.

ಬೋರ್ಡ್ ಹೊತ್ತು ಹೊರಟರೆ ಎದುರಿಗೆ ಕಾಲುಸಂಕ. ಹಳ್ಳದ ಮೇಲೆ ಅಡಿಕೆ ಮರದ ದಬ್ಬೆ ಹಾಕಿದ್ದು, ಒಬ್ಬರು ನಡೆಯುವಷ್ಟೇ ಅಗಲ. ಬೋರ್ಡಿನ ಎರಡೂ ಕಡೆ ಜನ ಬೇಕಲ್ವಾ? ಹಳ್ಳದಲ್ಲಿ ಆಗ ಮೊಣಕಾಲಿನಷ್ಟೇ ನೀರು. ಸಂಕ ಬಿಟ್ಟು ಹಳ್ಳಕ್ಕೇ ಇಳಿದೆವು. ತೋಟದ ಯಜಮಾನರು ಮುಂದೆ ನಡೆದು ಕಾಲಲ್ಲೇ ಕಲ್ಲು ತಡವಿ ಎಲ್ಲಿ ಹೆಜ್ಜೆ ಇಡಬೇಕು ಅಂತ ಹೇಳುತ್ತಿದ್ದರು. ಆಳು, ಒಡೆಯ, ನೆರೆಯವರು ಎಲ್ಲರೂ ಒಂದೇ ಎತ್ತರಕ್ಕೆ ಬೋರ್ಡ್ ಹಿಡಿದು ದಾಟಿಸಿದರು. ಅಷ್ಟು ಕೈ ಇಲ್ಲದೆ ಇಬ್ಬರೇ ಸಿಬ್ಬಂದಿ ಆ ಕೆಲಸ ಮಾಡಲು ಸಾಧ್ಯವೇ ಇರಲಿಲ್ಲ.

ಹಾವು ಕಚ್ಚಿದ ಕೇಸಿನಲ್ಲೂ ಬೇಕಾದದ್ದು ಅಲುಗಾಡದೆ ಇರುವುದೇ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಕಚ್ಚಿದ ಹೊತ್ತು ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ಸಿಗುವ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಘಟ್ಟದ ತೋಟಗಳಲ್ಲಿರುವ ಗುಳಿಮಂಡಲ ಅನ್ನುವ ಹಾವಿನ ವಿಷಕ್ಕೆ ಅದು ನಾಟುವುದಿಲ್ಲ. ಹಾಗಾಗಿ ಹಾವು ಹೇಗಿತ್ತು ಅಂತ ನೋಡಿದವರು ಹೇಳಿದರೆ ಡಾಕ್ಟರಿಗೆ ಉಪಯೋಗ. ಆದರೆ ಹುಡುಕಿಕೊಂಡು ಹೋಗಬೇಡಿ.

ಕರಾವಳಿಗೆ ಬಂದ ಮೇಲೆ ಪಟ್ಟಿಯಲ್ಲಿ ದೋಣಿಯವರ ನಂಬರೂ ಸೇರಿತು. ನದಿ ನಡುವಿನ ಕುರ್ವೆಗಳಲ್ಲಿ ಕೆಲವಕ್ಕೆ ದೋಣಿಯೇ ಗತಿ. ಖಾರ್ವಿ, ಅಂಬಿಗ, ಹರಿಕಂತ್ರರ ಕೇರಿಗಳಲ್ಲಿ ಸಹಾಯಕ್ಕೆ ಕರೆಯಬೇಕಾದ್ದೇ ಇಲ್ಲ, ಸೈರನ್ ಕೇಳಿದರೆ ಸಾಕು, ಓಡಿ ಬರುತ್ತಾರೆ. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ, ಅಂದರೆ ಅವರ ಕೇರಿಗಳಲ್ಲಿ, ಹಿರಿಯ ಹೆಂಗಸರು ಒಪ್ಪಿದರೆ ಮಾತ್ರ ಬಸುರಿ ಹೊರಡುತ್ತಾಳೆ. ಅವರ ಹತ್ತಿರ ಕೂತು, ಗಾಡಿಯೊಳಗೆ ಏನೇನಿದೆ ಅಂತ ತೋರಿಸಿ, ಬೇಕಾದರೆ ಅವರನ್ನೂ ಜೊತೆಗೆ ಹತ್ತಿಸಿಕೊಂಡು ಹೊರಡುವುದನ್ನು ರೂಢಿ ಮಾಡಿದೆವು. ಕೊಂಕಣಿಯಲ್ಲಿ ನಾಲ್ಕು ಪ್ರಶ್ನೆ ಕೇಳಲು ಕಲಿತೆ. ನೋವಿನಲ್ಲಿರುವವರು ಮನೆಮಾತಿಗೇ ಬೇಗ ಉತ್ತರ ಕೊಡುತ್ತಾರೆ.

ಹೆರಿಗೆ ದಾರಿಯಲ್ಲೇ ಆಗುವ ಹಾಗಿದ್ದರೆ ನಾವು ಗಾಡಿ ನಿಲ್ಲಿಸುತ್ತೇವೆ. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ತಿರುವಿನಲ್ಲಿ ಓಡುವ ಗಾಡಿಯೊಳಗೆ ಹೆರಿಗೆ ಮಾಡಿಸುವುದು ತಾಯಿಗೂ ಮಗುವಿಗೂ ಅಪಾಯ. ಪೈಲಟ್ ಅಗಲ ಜಾಗ ನೋಡಿ ಬದಿಗೆ ಹಾಕುತ್ತಾರೆ. ಮಗು ಬಂದ ಕೂಡಲೇ ಒರೆಸಿ, ತಾಯಿಯ ಎದೆಗೆ ಹಾಕಿ, ಇಬ್ಬರಿಗೂ ಸೇರಿಸಿ ಹೊದಿಸುವುದು. ಮಳೆಯ ಥಂಡಿಗೆ ಅದಕ್ಕಿಂತ ಒಳ್ಳೆಯ ಬಿಸಿ ಇಲ್ಲ.

ಇಷ್ಟೆಲ್ಲಾ ಮಾಡಿ ತಾಲ್ಲೂಕು ಆಸ್ಪತ್ರೆ ಮುಟ್ಟಿದ ಮೇಲೂ, ತಲೆಗೆ, ಬೆನ್ನಿಗೆ, ಹೃದಯಕ್ಕೆ ದೊಡ್ಡ ತೊಂದರೆಯಾದರೆ ಮತ್ತೆ ಹೊರಡಬೇಕು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕಾರವಾರದವರು ಗೋವಾಕ್ಕೆ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ. 2022ರ ಜುಲೈ 20ರಂದು ಹೊನ್ನಾವರದಿಂದ ಉಡುಪಿ ಕಡೆಗೆ ಹೊರಟಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ಕು ಜನ ಸತ್ತರು. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಆಗ ಜೋರಾಯಿತು. ನಾನೂ ಅದನ್ನೇ ಹೇಳುತ್ತೇನೆ. ಮಳೆಯಲ್ಲಿ ಒಬ್ಬ ರೋಗಿಯನ್ನು ನೂರು ಕಿಲೋಮೀಟರ್ ಒಯ್ಯುವಾಗ ರೋಗಿ, ಮನೆಯವರು, ಸಿಬ್ಬಂದಿ ಎಲ್ಲರ ಜೀವವೂ ರಸ್ತೆಯ ಮೇಲಿರುತ್ತದೆ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿಹೋಯಿತು. ಆಗ ಆಚೆ ಈಚೆ ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾರು ಎಲ್ಲಿಂದ ರೋಗಿಯನ್ನು ತೆಗೆದುಕೊಳ್ಳಬೇಕು ಅಂತ ಹೊಸದಾಗಿ ಲೆಕ್ಕ ಹಾಕಬೇಕಾಯಿತು.

ಅದಕ್ಕೇ ಮೇ ತಿಂಗಳಲ್ಲೇ ಆಶಾ ಕಾರ್ಯಕರ್ತೆಯರ ಹತ್ತಿರ ಮಳೆಗಾಲದಲ್ಲಿ ಹೆರಿಗೆ ಇರುವವರ ಹೆಸರು ಕೇಳುತ್ತೇವೆ. ಡಯಾಲಿಸಿಸ್‌ಗೆ ಹೋಗುವವರದ್ದು, ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಂಡವರದ್ದೂ ಬೇಕು. ಸಂಕ ದಾಟಿ ಬರಬೇಕಾದ ಬಸುರಿಯರಿಗೆ ದಿನ ಹತ್ತಿರ ಬರುವ ಮೊದಲೇ ಪೇಟೆಯ ನೆಂಟರ ಮನೆಗೆ ಬಂದಿರಲು ಹೇಳುತ್ತೇವೆ. ನಿಮ್ಮ ಕೇರಿಯಲ್ಲಿ ಅಂಥವರಿದ್ದರೆ ಜೂನ್ ಬರುವ ಮೊದಲು ಆಶಾ ಕಾರ್ಯಕರ್ತೆಗೆ ಹೆಸರು ಕೊಡಿ. ನಿಮ್ಮ ಕ್ರಾಸಿನ ಗುರುತು, ಜೀಪು ಅಥವಾ ದೋಣಿ ಯಾರ ಹತ್ತಿರ ಇದೆ ಅನ್ನುವುದನ್ನೂ ಜೊತೆಗೇ ಬರೆಸಿ.